ಮಾವನ ಆರು ಬಣ್ಣದ ಬಿಸಿಲು

ಬಿಸಿಲು ಎಷ್ಟು ತರಹ ಇದೆ, ಹೇಳಿ ನೋಡೋಣ? ಒಂದೇ ತರಹ ಎಂದು ನೀವು ಅಂದುಕೊಂಡಿದ್ದರೆ ನಿಮಗೆ ನಮ್ಮ ಸೋದರಮಾವನ ಪರಿಚಯ ಇಲ್ಲ ಎಂದೇ ಅರ್ಥ. ಅವರ ಲೆಕ್ಕದಲ್ಲಿ ಬಿಸಿಲು ಆರು ತರಹ. ಹನ್ನೆರಡು ಗಂಟೆಯ ನೆತ್ತಿ ಬಿಸಿಲು ಬೇರೆ, ಮೋಡದ ಸಂದಿಯಿಂದ ಇಣುಕುವ ಬಿಸಿಲು ಬೇರೆ, ಮಂಜಿನೊಳಗೆ ಸಿಕ್ಕಿಕೊಂಡ ಬಿಸಿಲು ಬೇರೆ. ಮದುವೆ ಛತ್ರದ ಟ್ಯೂಬ್‌ಲೈಟ್ ಕೂಡ ಅವರಿಗೆ ಒಂದು ಬಿಸಿಲೇ! ಇಷ್ಟೂ ಬಿಸಿಲಿಗೆ ಒಂದೇ ಕೂಲಿಂಗ್ ಗ್ಲಾಸ್ ಹಾಕಿಕೊಂಡು ತಿರುಗುವವರನ್ನು ಕಂಡರೆ ಅವರಿಗೆ, ಮದುವೆಗೂ ತಿಥಿಗೂ ಒಂದೇ ಅಂಗಿಯಲ್ಲಿ ಹೋಗುವವರನ್ನು ಕಂಡಷ್ಟು ಕನಿಕರ.

ಶಿಡ್ಲಘಟ್ಟದ ಹತ್ತಿರ ಮೇಲೂರಿನಲ್ಲಿ ಅವರ ಮನೆ. ಎರಡು ಎಕರೆ ಹಿಪ್ಪುನೇರಳೆ ತೋಟ, ಒಂದು ರೇಷ್ಮೆ ಹುಳುವಿನ ಮನೆ, ಒಬ್ಬರು ಅತ್ತೆ, ಆರು ಕನ್ನಡಕ. ಇದು ಅವರ ಸಂಸಾರ. ಮಗಳು ಮದುವೆಯಾಗಿ ಮುಳಬಾಗಿಲಿನಲ್ಲಿದ್ದಾಳೆ. ಆ ಜಾಗವನ್ನು ರಜೆ ಬಂದಾಗಲೆಲ್ಲ ತುಂಬುವವಳು ನಾನು. ಚಿಕ್ಕಬಳ್ಳಾಪುರದ ಒಂದು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಮೇಲೂರಿಗೆ ಬಂದರೆ ಮಾವ ನನಗೆ ಪಾಠ ಹೇಳುತ್ತಾರೆ.

ಮುಂಬಾಗಿಲ ಪಕ್ಕದ ಗೋಡೆಯಲ್ಲಿ, ಕ್ಯಾಲೆಂಡರಿನ ಕೆಳಗೆ, ಅತ್ತೆ ಹಳೇ ರವಿಕೆ ತುಂಡುಗಳಿಂದ ಹೊಲಿದುಕೊಟ್ಟ ಒಂದು ಚೀಲ ನೇತಾಡುತ್ತಿರುತ್ತದೆ. ಅದಕ್ಕೆ ಆರು ಜೇಬು. ಬೇರೆಯವರು ಮನೆಯಿಂದ ಹೊರಡುವಾಗ ದೇವರಿಗೆ ಕೈಮುಗಿಯುತ್ತಾರೆ. ನಮ್ಮ ಮಾವ ಅಂಗಳಕ್ಕೆ ಬಂದು, ಕತ್ತೆತ್ತಿ ಆಕಾಶ ನೋಡಿ, ಮತ್ತೆ ಒಳಗೆ ಹೋಗಿ ಒಂದು ಜೇಬಿಗೆ ಕೈ ಹಾಕುತ್ತಾರೆ. ಅಷ್ಟರಲ್ಲಿ ಮೋಡ ಸರಿದರೆ ಮತ್ತೆ ವಾಪಸು. ಹೀಗೆ ನಾಲ್ಕು ಸಲ ಒಳಗೂ ಹೊರಗೂ ಓಡಾಡಿ, ಕೊನೆಗೆ ಬಸ್ಸು ಹೋಗಿಬಿಟ್ಟಿತೆಂದು ಮನೆಯಲ್ಲೇ ಕುಳಿತ ದಿನಗಳೂ ಉಂಟು.

ಅದಕ್ಕೇ ಮೊಪೆಡ್ಡಿನಲ್ಲಿ ಹೋಗುವುದನ್ನು ರೂಢಿ ಮಾಡಿಕೊಂಡರು. ಒಮ್ಮೆ ಅವರ ಹಿಂದೆ ಕುಳಿತು ಚಿಕ್ಕಬಳ್ಳಾಪುರದವರೆಗೆ ಹೋಗುವ ಭಾಗ್ಯ ನನ್ನದಾಯಿತು. ಬಯಲು ರಸ್ತೆಯಲ್ಲಿ ಬೂದು ಗಾಜು. ಮುಂದೆ ಹುಣಸೇಮರಗಳ ಸಾಲು ಬಂತು, ಗಾಡಿ ನಿಲ್ಲಿಸಿದರು. "ಯಾಕೆ ಮಾವ, ಪಂಚರ್ರಾ?" ಎಂದೆ. "ನೆರಳೂ ಬಿಸಿಲೂ ಒಂದಾದ್ಮೇಲೊಂದು ಬರ್ತಿದೆ ಕಣಮ್ಮ. ಇಲ್ಲಿಗೆ ಬ್ರೌನು. ಗುಂಡಿ ಎಲ್ಲಿದೆ ಅಂತ ಬಿಡಿಸಿ ತೋರಿಸುತ್ತೆ," ಎಂದು ಕನ್ನಡಕ ಬದಲಾಯಿಸಿದರು. ಮರಗಳು ಮುಗಿದವು, ಮತ್ತೆ ನಿಲ್ಲಿಸಿದರು. ಮೋಡ ಬಂತು, ನಿಲ್ಲಿಸಿದರು. ನಮ್ಮನ್ನು ದಾಟಿ ಹೋದ ಮೂಲಂಗಿ ತುಂಬಿದ ಟ್ರಾಕ್ಟರೊಂದು, ಚಿಕ್ಕಬಳ್ಳಾಪುರದಲ್ಲಿ ಸರಕು ಇಳಿಸಿ, ಟೀ ಕುಡಿದು, ನಮಗೆ ಎದುರಾಗಿ ವಾಪಸು ಬಂತು! ಡ್ರೈವರು ಕೈ ಬೀಸಿದ. ಮಾವ ಅವನತ್ತ ನೋಡಿ, "ಪಾಪ, ಬರಿಗಣ್ಣಲ್ಲಿ ಓಡಿಸ್ತಾನೆ," ಎಂದು ಮರುಗಿದರು.

ಹಸಿರು ಗಾಜಿನ ಕತೆ ಬೇರೆ. ತೋಟಕ್ಕೆ ಹಸಿರು ಒಳ್ಳೆಯದು, ಕಣ್ಣಿಗೆ ತಂಪು ಎಂದು ಅದನ್ನು ತಂದರು. ತಂಪೇನೋ ಆಯಿತು. ಆದರೆ ಆ ಗಾಜಿನೊಳಗಿಂದ ನೋಡಿದರೆ ಹಿಪ್ಪುನೇರಳೆ ತೋಟ ಯಾವಾಗಲೂ ನೀರುಂಡು ನಳನಳಿಸುತ್ತಿತ್ತು. ಮಾವ ದಿನಾ ಬೆಳಗ್ಗೆ ಬದುವಿನ ಮೇಲೆ ನಿಂತು ತೃಪ್ತಿಯಿಂದ ತಲೆಯಾಡಿಸಿ ಬರುತ್ತಿದ್ದರು. ಐದನೇ ದಿನ ಸೊಪ್ಪು ಕೊಯ್ಯಲು ಹೋದ ಅತ್ತೆ, ಬಾಡಿ ಜೋತುಬಿದ್ದ ಒಂದು ರೆಂಬೆಯನ್ನು ತಂದು ಅವರ ಮುಂದೆ ಹಿಡಿದರು.

"ಏನ್ರೀ ಇದು? ನೀರು ಬಿಟ್ಟಿಲ್ವಾ?"

"ನೆನ್ನೆ ನೋಡ್ದಾಗ ಹಸಿರಾಗಿತ್ತಲ್ಲೇ."

"ನಿಮ್ಮ ಕನ್ನಡಕಕ್ಕೆ ನೀರು ಸಾಕು. ಗಿಡಕ್ಕೆ ಸಾಲ್ದು," ಎಂದು ಅತ್ತೆಯೇ ಹೋಗಿ ಮೋಟರು ಹಾಕಿದರು.

ಗೌರಿಬಿದನೂರಿನ ಮದುವೆಯನ್ನಂತೂ ನಾನು ಸಾಯುವವರೆಗೂ ಮರೆಯುವುದಿಲ್ಲ. ಅತ್ತೆಯ ತಂಗಿಯ ಮನೆ ಮದುವೆ. ಮಾವ ಗುಲಾಬಿ ಬಣ್ಣದ ಗಾಜು ಹಾಕಿಕೊಂಡು ಬಂದಿದ್ದರು. ಛತ್ರದ ದೀಪಗಳಿಗೆಲ್ಲ ಸುತ್ತಲೂ ಉಂಗುರ ಕಾಣಿಸುತ್ತದೆ, ಗುಲಾಬಿ ಹಾಕಿದರೆ ಉಂಗುರ ಸಣ್ಣದಾಗುತ್ತದೆ ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಬಂದರು. ನಾನು ನಕ್ಕೆ. ಮದುವೆ ಮನೆಯಲ್ಲಿ ಉಂಗುರ ಕಾಣದೆ ಇನ್ನೇನು ಕಾಣಬೇಕು! ಊಟಕ್ಕೆ ಕುಳಿತೆವು. ಎದುರಿನ ಸಾಲಿನ ಅಜ್ಜಿಯೊಬ್ಬರು ಮಾವನ ಮುಖವನ್ನೇ ನೋಡಿ, ತೆಲುಗಿನಲ್ಲಿ, "ಏಮಪ್ಪಾ, ಕಂಡ್ಲ ಕಲಕಾ?" ಎಂದರು. ಕಣ್ಣು ಬಂದಿದೆಯಾ, ಮದ್ರಾಸ್ ಐಯಾ ಎಂದು ಕೇಳಿದ್ದು. ಅಷ್ಟೇ. ಮಾವನ ಬಲಗಡೆಯವರು ಎಲೆ ಎತ್ತಿಕೊಂಡು ಎದ್ದರು. ಎಡಗಡೆಯವರು ಲೋಟ ಬಿಟ್ಟು ಎದ್ದರು. ಎರಡೇ ನಿಮಿಷದಲ್ಲಿ ಆ ಸಾಲಿಗೆ ಸಾಲೇ ಖಾಲಿ. ಬಡಿಸುವವರು ಬೇಗ ಬೇಗ ಮುಗಿಸಿ ದಾಟಿ ಹೋಗುವ ಆತುರದಲ್ಲಿ ಒಂದು ಹೋಳಿಗೆಯ ಜಾಗದಲ್ಲಿ ನಾಲ್ಕು ಹಾಕಿ ಹೋದರು. ಮಾವ ನಾಲ್ಕನ್ನೂ ನೆಮ್ಮದಿಯಾಗಿ ತಿಂದು, "ಗುಲಾಬಿ ಗಾಜಿನ ಗುಣ ನೋಡ್ದ್ಯಾ?" ಎಂದರು.

ಬೂದು, ಬ್ರೌನು, ಹಸಿರು, ಗುಲಾಬಿ. ಐದನೆಯದು ಹಳದಿ, ಮಂಜಿಗೆ. ಚಳಿಗಾಲದಲ್ಲಿ ಕಳವಾರದ ನೆಂಟರ ಮನೆಗೆ ಹೋದಾಗ ಅದನ್ನು ಹಾಕಿಕೊಂಡು ಸ್ಕಂದಗಿರಿಯ ಬುಡದಲ್ಲಿ ನಿಲ್ಲುತ್ತಿದ್ದರು. ಬೆಟ್ಟ ಹತ್ತಲು ಬಂದ ಹುಡುಗರು ಯಾರಾದರೂ ಕಪ್ಪು ಗ್ಲಾಸ್ ಏರಿಸಿಕೊಂಡಿದ್ದರೆ ತಡೆದು ನಿಲ್ಲಿಸುವುದು. "ಅದು ಮಧ್ಯಾಹ್ನದ್ದು ಕಣಪ್ಪ. ಈಗ ಹಾಕೋದಲ್ಲ. ತೆಗೆದು ಜೇಬಲ್ಲಿಟ್ಕೊ." ಅರಣ್ಯ ಇಲಾಖೆಯವರೇ ಇರಬೇಕೆಂದು ಹೆದರಿ ಅವರೆಲ್ಲ ತೆಗೆದು ಇಟ್ಟುಕೊಳ್ಳುತ್ತಿದ್ದರು.

ಆರನೆಯದು ನೀಲಿ. ಅದು ಹುಳುವಿನ ಮನೆಗೆ ಮಾತ್ರ. ಬೇರೆಲ್ಲೂ ಹಾಕುತ್ತಿರಲಿಲ್ಲ, ಬೇರೆಯವರು ಮುಟ್ಟುವಂತೆಯೂ ಇರಲಿಲ್ಲ. ಅದನ್ನು ಕೊಳ್ಳಲು ಶಿಡ್ಲಘಟ್ಟದ ಕನ್ನಡಕದ ಅಂಗಡಿಗೆ ನಾನೂ ಜೊತೆಗೆ ಹೋಗಿದ್ದೆ. ಮಾವ ಜೇಬಿನಿಂದ ಒಂದು ಬಿಳೀ ರೇಷ್ಮೆಗೂಡು ತೆಗೆದು ಗಾಜಿನ ಮೇಜಿನ ಮೇಲಿಟ್ಟರು. ಆಮೇಲೆ ಒಂದೊಂದೇ ಕನ್ನಡಕ ಹಾಕಿಕೊಂಡು ಅದನ್ನೇ ದಿಟ್ಟಿಸತೊಡಗಿದರು. ಕನ್ನಡಿಯಲ್ಲಿ ಮುಖ ನೋಡಿಕೊಳ್ಳದ ಗಿರಾಕಿಯನ್ನು ಅಂಗಡಿಯವರು ಅದೇ ಮೊದಲು ಕಂಡಿರಬೇಕು.

"ಏನ್ ಸಾರ್ ಹುಡುಕ್ತಿದ್ದೀರಾ?"

"ಈ ಗೂಡು ಬೆಳ್ಳಗೆ ಕಾಣ್ಬೇಕಪ್ಪ."

"ಬೆಳ್ಳಗಿರೋದು ಬೆಳ್ಳಗೆ ಕಾಣೋದಕ್ಕೆ ಕನ್ನಡಕ ಯಾಕೆ ಸಾರ್?"

ನಾನು ಜೋರಾಗಿ ನಕ್ಕೆ. ಅಂಗಡಿಯವರೂ ನಕ್ಕರು. ಮಾವ ಕೂಡ ನಕ್ಕರು ಎಂದೇ ನನ್ನ ನೆನಪು.

ಈ ನೀಲಿ ಕನ್ನಡಕದ ವಿಷಯ ತಿಳಿಯಬೇಕಾದರೆ ಮಾವನ ಇನ್ನೊಂದು ಪದವಿಯ ಬಗ್ಗೆ ಹೇಳಬೇಕು. ರೇಷ್ಮೆ ಹುಳು ಸೊಪ್ಪು ತಿಂದು ತಿಂದು ಬೆಳೆದು, ಒಂದು ದಿನ ತಿನ್ನುವುದನ್ನು ಬಿಡುತ್ತದೆ. ಬಿಳುಪಾಗಿದ್ದ ಮೈ ಹಳದಿಗೆ ತಿರುಗಿ, ಬೆಳಕಿಗೆ ಹಿಡಿದರೆ ಒಳಗೆಲ್ಲ ಕಾಣುವಷ್ಟು ತಿಳಿಯಾಗುತ್ತದೆ. ಅದಕ್ಕೆ ನಮ್ಮ ಕಡೆ ಹುಳು ಹಣ್ಣಾಯಿತು ಅನ್ನುತ್ತಾರೆ. ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟಲು ಸುರುಳಿ ಸುರುಳಿಯಾಗಿ ಹೆಣೆದ ತಟ್ಟೆಗೆ, ಬಿಡಬೇಕು. ಒಂದು ದಿನ ಮೊದಲೇ ಬಿಟ್ಟರೆ ಹುಳು ಹಸಿದು ಅಲೆಯುತ್ತದೆ. ತಡವಾದರೆ ಸೊಪ್ಪಿನ ಮೇಲೆಯೇ ನೂಲು ಸುರಿಸಿ ಹಾಳುಮಾಡುತ್ತದೆ. ಆ ದಿನ ಯಾವುದು ಎಂದು ಹೇಳುವುದೇ ಕಣ್ಣಿನ ಕೆಲಸ. ಮೇಲೂರಿನ ನಮ್ಮ ಬೀದಿಯಲ್ಲಿ ಆ ಕಣ್ಣು ಮಾವನದು. ಅವರು ಬಂದು ಬಗ್ಗಿ ನೋಡಿ "ಆಗಿದೆ" ಎಂದರೆ ಆಗಿದೆ. ತಿಂಗಳಿಡೀ ಸೊಪ್ಪು ಕೊಯ್ದು, ಹಾಸಿ, ಕಸ ತೆಗೆದು ಸೊಂಟ ಮುರಿದುಕೊಂಡವರೆಲ್ಲ ಆ ಒಂದು ಮಾತಿಗೆ ಕಾಯುತ್ತಾ ನಿಂತಿರುತ್ತಾರೆ. ಬೀದಿಯಲ್ಲಿ ಮಾವನ ಮರ್ಯಾದೆ ಪೂರ್ತಿ ಆ ಮಾತಿನ ಮೇಲೆ ನಿಂತಿತ್ತು.

ಅತ್ತೆಯೂ ಯಾವಾಗಲೂ ಜೊತೆಗೆ ಹೋಗುತ್ತಿದ್ದರು. ಮಾವ ನೀಲಿ ಗಾಜು ಏರಿಸಿ ಗಂಭೀರವಾಗಿ ಬಗ್ಗುತ್ತಿದ್ದರು. ಅವರು ಬಾಯಿ ಬಿಡುವ ಮೊದಲೇ ಅತ್ತೆ, "ಆಗಿದೆ ಅಲ್ವೇನ್ರೀ?" ಅನ್ನುತ್ತಿದ್ದರು. "ಆಗಿದೆ," ಎಂದು ಮಾವ. ಇನ್ನೊಂದು ಮನೆಯಲ್ಲಿ, "ಇನ್ನೂ ಆಗಿಲ್ಲ ಅಲ್ವೇನ್ರೀ?" "ಆಗಿಲ್ಲ," ಎಂದು ಮಾವ. ಗಂಡ ಆಡಬೇಕಾದ ಮಾತನ್ನು ಗಂಡನಿಗಿಂತ ಮುಂಚೆ ಆಡಿಬಿಡುವ ಆತುರ ನೋಡಿ ನನಗೆ ನಗು. ನಮ್ಮ ಅತ್ತೆಗೆ ಎರಡು ನಿಮಿಷ ಸುಮ್ಮನಿರಲು ಬರುವುದಿಲ್ಲ ಎಂದುಕೊಂಡಿದ್ದೆ.

ಕಳೆದ ದಸರಾ ರಜೆಯಲ್ಲಿ ನಾನು ಮೇಲೂರಿನಲ್ಲಿದ್ದೆ. ಗೌರಿಬಿದನೂರಿನ ತಂಗಿಯ ಮನೆಯಲ್ಲಿ ನಾಮಕರಣ, ಅತ್ತೆ ಎರಡು ದಿನಕ್ಕೆ ಹೊರಟರು. "ಶುಕ್ರವಾರ ಸಂಜೆಗೆ ಬಂದ್ಬಿಡ್ತೀನಿ. ಹುಳ ಶನಿವಾರಕ್ಕೆ ಮುಂಚೆ ಆಗಲ್ಲ. ನಾನು ಬರೋವರ್ಗೂ ಮುಟ್ಬೇಡಿ," ಎಂದು ಮೂರು ಸಲ ಹೇಳಿ ಬಸ್ಸು ಹತ್ತಿದರು.

ಶುಕ್ರವಾರ ಬೆಳಗ್ಗೆ ನಾನು ಗೆಳತಿಯನ್ನು ನೋಡಲು ಸ್ಕೂಟರಿನಲ್ಲಿ ಚಿಂತಾಮಣಿಗೆ ಹೊರಟೆ. ಮಾವ ಆಕಾಶ ನೋಡಿ, ಚೀಲದಿಂದ ಬ್ರೌನು ತೆಗೆದು ನನ್ನ ಕೈಗಿಟ್ಟರು. "ಮೋಡ ಬಿಸಿಲು ಎರಡೂ ಐತೆ. ಇದ್ನ ಹಾಕ್ಕೊಂಡೋಗು. ಗೀರು ಮಾಡ್ಬೇಡ ಕಣಮ್ಮ." ಹಾಕಿಕೊಂಡು ಹೋದೆ. ಸುಳ್ಳು ಯಾಕೆ ಹೇಳಲಿ, ರಸ್ತೆ ಚೆನ್ನಾಗಿಯೇ ಕಾಣಿಸಿತು. ಗುಂಡಿಗಳು ನಿಜಕ್ಕೂ ಬಿಡಿಸಿ ಬಿಡಿಸಿ ಕಾಣುತ್ತಿದ್ದವು.

ಮಧ್ಯಾಹ್ನ ವಾಪಸು ಬಂದರೆ ಅಂಗಳದಲ್ಲಿ ಅರ್ಧ ಬೀದಿ ಸೇರಿದೆ! ಗೋಡೆಗೆ ಒರಗಿಸಿದ ಚಂದ್ರಿಕೆಗಳಿಂದ ಹುಳುಗಳು ಇಳಿದು ಸಿಕ್ಕ ಸಿಕ್ಕ ಕಡೆ ಹೊರಟಿವೆ. ಗೋಡೆಯ ಮೇಲೆ ಹುಳು, ಮೆಟ್ಟಿಲ ಮೇಲೆ ಹುಳು, ಮೊಪೆಡ್ಡಿನ ಸೀಟಿನ ಮೇಲೆ ಹುಳು. ನಾಲ್ಕೈದು ಹೆಂಗಸರು ಕುಕ್ಕರಗಾಲಲ್ಲಿ ಕುಳಿತು ಒಂದೊಂದೇ ಹುಳುವನ್ನು ಮೊರಕ್ಕೆ ತುಂಬುತ್ತಿದ್ದಾರೆ. ಸೊಪ್ಪು ಹಾಕಿದ ತಕ್ಷಣ ಅವು ಮಳೆ ಸುರಿದ ಸದ್ದು ಮಾಡುತ್ತಾ ತಿನ್ನತೊಡಗಿದವು. ಅಷ್ಟು ಹಸಿದಿದ್ದವು.

"ಅಲ್ಲಣ್ಣ, ನೀನು ನೋಡಿ ಹೇಳಿದ್ದು ತಪ್ಪಿದ್ದು ಇದೇ ಮೊದಲು," ಎಂದರು ಪಕ್ಕದ ಮನೆಯ ಮುನಿರತ್ನಮ್ಮ. ದನಿಯಲ್ಲಿ ನಗೆಗಿಂತ ದಿಗಿಲೇ ಹೆಚ್ಚಿತ್ತು. ಅವರ ಮನೆಯ ಹುಳುವೂ ಎರಡು ದಿನದಲ್ಲಿ ಹಣ್ಣಾಗಬೇಕಿತ್ತು.

ಮಾವ ಹಣೆ ಚಚ್ಚಿಕೊಂಡು ನಕ್ಕರು. "ಎಲ್ಲಾ ಆ ಬ್ರೌನು ಕನ್ನಡಕದ ಕರ್ಮ ಕಣಮ್ಮ. ತೆಗೆಯೋದೇ ಮರೆತು ಒಳಗೋದೆ. ಎಲ್ಲಾ ಹಳದಿಯಾಗಿ ಕಾಣಿಸ್ತು. ಆಗೋಯ್ತು ಅಂದ್ಬಿಟ್ಟೆ."

ಎಲ್ಲರೂ ಗೊಳ್ಳೆಂದು ನಕ್ಕರು. ಮುನಿರತ್ನಮ್ಮನ ಮುಖ ಸಡಿಲವಾಯಿತು. ನಾನೂ ನಗಬೇಕೆಂದು ಬಾಯಿ ತೆರೆದವಳು ಹಾಗೇ ನಿಂತೆ. ಬ್ರೌನು ಕನ್ನಡಕ ನನ್ನ ಮೂಗಿನ ಮೇಲಿತ್ತು.

ಮಾವ ನನ್ನತ್ತ ತಿರುಗಿದರು. ಹತ್ತಿರ ಬಂದು, ಹುಳು ಆರಿಸುವವರಂತೆ ಬಗ್ಗಿ, ಮೆಲ್ಲಗೆ, "ಅದನ್ನ ತೆಗೆದು ಬ್ಯಾಗಲ್ಲಿಟ್ಕೋಮ್ಮ," ಎಂದರು. ಇಟ್ಟುಕೊಂಡೆ. ಶಿಡ್ಲಘಟ್ಟದ ಅಂಗಡಿಯಲ್ಲಿ ನಾನು ನಕ್ಕ ನಗು ಆಗ ನೆನಪಾಗಿ, ನನ್ನ ಮೇಲೆ ನನಗೇ ಸಿಟ್ಟು ಬಂತು.

ಎಲ್ಲರೂ ಹೋದ ಮೇಲೆ ಜಗಲಿಯ ಮೇಲೆ ಕುಳಿತು ಕೇಳಿದೆ. ಮಾವ ಮೊದಲು ಬೆಳಕಿನ ಬಗ್ಗೆ ಏನೇನೋ ಹೇಳಿದರು. ಆಮೇಲೆ ಸೋತರು.

"ನೀಲಿ ಹಾಕಿದ್ರೆ ಕತ್ಲೆ. ತೆಗೆದ್ರೆ ಎಲ್ಲಾ ಹಳದಿ. ಎರಡು ವರ್ಷ ಆಯ್ತು. ಒಂದಲ್ಲ ಒಂದು ಗಾಜಲ್ಲಿ ಮೊದಲಿನ ತರ ಕಾಣುತ್ತೆ ಅಂತ ನೋಡ್ತಾನೇ ಇದ್ದೀನಿ."

"ಡಾಕ್ಟ್ರಿಗೆ ತೋರಿಸ್ಬೇಕಿತ್ತು ಮಾವ."

"ತೋರಿಸಿದ್ರೆ ಬೀದಿಗೆಲ್ಲ ಗೊತ್ತಾಗುತ್ತೆ. ನಿಮ್ಮತ್ತೆ ಸೊಪ್ಪು ಕೊಯ್ತಾಳೆ, ಹುಳ ಮೇಯಿಸ್ತಾಳೆ, ಕಸ ಬಳಿತಾಳೆ. ಆ ಹುಳದ ಮನೇಲಿ ನಂದು ಅಂತ ಇರೋದು ಒಂದೇ ಮಾತು ಕಣಮ್ಮ. ಅದೂ ಹೋದ್ರೆ ನಾನ್ಯಾಕೆ ಅಲ್ಲಿ ನಿಲ್ಲಲಿ? ಅವಳಿಗೆ ಮಾತ್ರ ಹೇಳ್ಬೇಡ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಸಂಜೆ ಅತ್ತೆ ಬಸ್ಸಿಳಿದು ಬಂದ ಅರ್ಧ ಗಂಟೆಯಲ್ಲಿ ಹಿತ್ತಲಿಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿಬಿಟ್ಟೆ. ನನ್ನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ, ಅದಕ್ಕೆ ನಾನೇನು ಮಾಡಲಿ? ಅತ್ತೆ ಸೀರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನಲ್ಲಿಯಲ್ಲಿ ಕಾಲು ತೊಳೆಯುತ್ತಾ, "ಗೊತ್ತು," ಎಂದರು.

"ಗೊತ್ತಾ?"

"ಎರಡು ವರ್ಷದಿಂದ, ಹತ್ತು ಬೆಳೆಯಿಂದ ಗೊತ್ತು. ಅದಕ್ಕೇ ನಾನು ಮೊದ್ಲು ಹೇಳೋದು. 'ಆಗಿದೆ ಅಲ್ವೇನ್ರೀ' ಅಂತ ನಾನಂದ್ರೆ, ಅವರು ಆಗಿದೆ ಅಂತಾರೆ. ಮುಟ್ಬೇಡಿ ಅಂತ ಮೂರು ಸಲ ಹೇಳಿ ಹೋಗಿದ್ದೆ ನೋಡು. ಕೇಳಿದ್ರಾ? ಕಣ್ಣಿಲ್ದೆ ಇದ್ರೂ ಪರವಾಗಿಲ್ಲ, ಕಿವೀನೂ ಇಲ್ವಲ್ಲ."

"ಅವರಿಗೆ ಹೇಳ್ಬಾರ್ದಿತ್ತಾ ಅತ್ತೆ?"

"ಹೇಳಿ? ನೀವು ಎರಡು ವರ್ಷದಿಂದ ನನ್ನ ಮಾತು ಹೇಳ್ತಿದ್ದೀರಿ ಅಂತ ಹೇಳ್ಲಾ? ಸುಮ್ನಿರು. ನಾನು ನೋಡ್ಕೋತೀನಿ."

ನೋಡಿಕೊಂಡರು. ಮರುದಿನ ಹುಳು ನಿಜವಾಗಿ ಹಣ್ಣಾಯಿತು. ಬೆಳೆ ಅಷ್ಟೇನೂ ಕೆಡಲಿಲ್ಲ. ಗೂಡು ಮಾರಿದ ವಾರವೇ ಅತ್ತೆಗೆ ಇದ್ದಕ್ಕಿದ್ದಂತೆ ಕಣ್ಣು ಉರಿ ಶುರುವಾಯಿತು. ಒಬ್ಬಳೇ ಹೋಗಲು ಭಯ, ನೀವೂ ಬನ್ನಿ ಎಂದು ಮಾವನನ್ನು ಚಿಕ್ಕಬಳ್ಳಾಪುರದ ಕಣ್ಣಾಸ್ಪತ್ರೆಗೆ ಹೊರಡಿಸಿದರು. ನಾನು ಶಾಲೆಗೆ ಅರ್ಧ ದಿನ ರಜೆ ಹಾಕಿ ಅಲ್ಲಿಗೆ ಬಂದೆ. ಡಾಕ್ಟರಮ್ಮ ಅತ್ತೆಯ ಕಣ್ಣಿಗೆ ದೀಪ ಬಿಟ್ಟು, "ನಿಮ್ಮ ಕಣ್ಣು ಚೆನ್ನಾಗಿದೆಯಲ್ಲಮ್ಮ," ಎಂದರು. "ಹಂಗಾದ್ರೆ ಚೀಟಿ ದಂಡ ಆಗ್ಬಾರ್ದು, ಅವರದ್ದು ನೋಡಿ," ಎಂದು ಅತ್ತೆ ಮಾವನನ್ನು ಕುರ್ಚಿಗೆ ತಳ್ಳಿದರು. ಎರಡೂ ಕಣ್ಣಿನಲ್ಲಿ ಪೊರೆ. ಹಣ್ಣಾಗಿ ಬಹಳ ದಿನವಾಗಿದೆಯಂತೆ. ಮಾವ ಕುಳಿತಲ್ಲೇ ಬೆವರಿದರು.

"ಹೆದರ್ಕೋಬೇಡ್ರೀ," ಎಂದರು ಅತ್ತೆ. "ಬೆರಳುದ್ದ ಇಲ್ದಿರೋ ಹುಳ ನಾಲ್ಕು ಸಲ ಪೊರೆ ಬಿಡುತ್ತೆ. ನಿಮಗೆ ಎರಡೇ ಸಲ."

ಒಂದು ಕಣ್ಣಾದ ಮೇಲೆ ತಿಂಗಳು ಬಿಟ್ಟು ಇನ್ನೊಂದು. ಆಪರೇಷನ್ ಆದ ಮೇಲೆ ಆಸ್ಪತ್ರೆಯವರು ಒಂದು ದೊಡ್ಡ ಕಪ್ಪು ಕನ್ನಡಕ ಕೊಟ್ಟರು. ಮಾವ ಅದನ್ನು ತಿರುಗಿಸಿ ನೋಡಿ, "ಇದು ನೆತ್ತಿ ಬಿಸಿಲಿಂದು ಸಿಸ್ಟರ್. ಸಂಜೆಗೆ ಯಾವುದು ಕೊಡ್ತೀರಿ?" ಎಂದು ಕೇಳಿದರು. ನರ್ಸಮ್ಮ ಕಣ್ಣಿಗೆ ಎರಡು ಹನಿ ಔಷಧಿ ಹೆಚ್ಚಾಗಿಯೇ ಬಿಟ್ಟಂತೆ ನನಗೆ ಕಾಣಿಸಿತು.

ಮನೆಗೆ ಬಂದ ಮೇಲೆ ಅವರ ಗೋಳು ಬೇರೆಯಾಯಿತು. ಎಲ್ಲವೂ ವಿಪರೀತ ಬೆಳ್ಳಗೆ! ಗೋಡೆಗೆ ಕೆನೆ ಬಣ್ಣ ಹೊಡೆಸಿದ್ದೆವಲ್ಲ, ಸುಣ್ಣ ಯಾರು ಬಳಿದರು ಎಂದು ಕೇಳಿದರು. ಹೊಡೆಸಿದ್ದೇ ಬಿಳಿ. ಎರಡನೆಯ ದಿನ ಅತ್ತೆಯ ತಲೆ ಕಣ್ಣಿಗೆ ಬಿತ್ತು. "ಇದ್ಯಾವಾಗ ಇಷ್ಟು ಬೆಳ್ಳಗಾಯ್ತೇ?" ಎಂದು ಗಾಬರಿಯಾದರು. "ನಿಮ್ಮ ಕನ್ನಡಕ ಎತ್ತಿಟ್ಟು ಎತ್ತಿಟ್ಟು," ಎಂದರು ಅತ್ತೆ. ಮಾವ ಬಹಳ ಹೊತ್ತು ಆ ತಲೆಯನ್ನೇ ನೋಡುತ್ತಾ ಕುಳಿತಿದ್ದರು. ಗೋಡೆಯ ಚೀಲದಲ್ಲಿ ಈಗ ಒಂದು ಜೇಬಿಗೆ ಕರೆಂಟ್ ಬಿಲ್ಲು, ಒಂದಕ್ಕೆ ಫೋನಿನ ಚಾರ್ಜರು ಬಂದಿವೆ. ಹಳದಿ ಕನ್ನಡಕ ಮಾತ್ರ ಇನ್ನೂ ಅಲ್ಲೇ ಇದೆ. ಮಂಜು ಬಂದರೆ ಬೇಕಲ್ಲ.

ಮೊನ್ನೆ ಹುಳುವಿನ ಬೆಳೆ ಮುಗಿಯುವ ಹೊತ್ತಿಗೆ ನಾನು ಮೇಲೂರಿನಲ್ಲಿದ್ದೆ. ಮುನಿರತ್ನಮ್ಮನೂ ಬಂದಿದ್ದರು. ಅತ್ತೆ ಬೆಳಗ್ಗೆಯೇ ಒಂದು ಸಲ ಒಳಗೆ ಹೋಗಿ, ಒಂದೆರಡು ಹುಳುವನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ಕಿವಿಯಲ್ಲಿ, "ನಾಳೆ ಆಗುತ್ತೆ," ಎಂದು ಹೇಳಿದ್ದರು. ಮಾವ ಬರಿಗಣ್ಣಿನಲ್ಲಿ ಒಳಗೆ ಬಂದರು. ಎಂದಿನಂತೆ ಬಗ್ಗಿದರು. ಅತ್ತೆ ನನ್ನ ಕಡೆ ನೋಡಲಿಲ್ಲ.

"ಆಗಿದೆ ಅಲ್ವೇನ್ರೀ?" ಎಂದರು.

ಮಾವ ಒಂದು ಹುಳು ಎತ್ತಿ ಅಂಗೈ ಮೇಲಿಟ್ಟುಕೊಂಡರು. ಇನ್ನೊಂದು ತಟ್ಟೆಯತ್ತ ಹೋಗಿ ಅಲ್ಲೂ ನೋಡಿದರು. ಎರಡು ವರ್ಷದಿಂದ ಹೇಳುತ್ತಾ ಬಂದ ಮಾತು ನಾಲಗೆಯ ತುದಿಯಲ್ಲೇ ಇದ್ದಿರಬೇಕು.

"ಇಲ್ಲ ಕಣೇ," ಎಂದರು. "ಇನ್ನೂ ಆಗಿಲ್ಲ. ನಾಳೆ."

"ಹೌದಾ? ನಂಗೆ ಗೊತ್ತಾಗ್ಲಿಲ್ಲ ನೋಡಿ," ಎಂದರು ಅತ್ತೆ. ಸೊಪ್ಪು ತರುತ್ತೇನೆಂದು ಹೇಳಿ ಬೇಗ ಹೊರಗೆ ಹೋದರು. ನಾನು ಹಿಂದೆ ಹೋದೆ. ಮುಂಬಾಗಿಲಲ್ಲಿ ನಿಂತು, ಚೀಲಕ್ಕೆ ಕೈ ಹಾಕಿ, ಸಿಕ್ಕಿದ ಕನ್ನಡಕವನ್ನು ತಮ್ಮ ಮುಖಕ್ಕೆ ಏರಿಸಿಕೊಂಡರು. ಹುಟ್ಟಿದಾಗಿನಿಂದ ಕೂಲಿಂಗ್ ಗ್ಲಾಸ್ ಮುಟ್ಟದ ಅತ್ತೆ! ಅದರ ಕೆಳಗಿನಿಂದ ಎರಡು ಗೆರೆ ಕೆನ್ನೆಯ ಮೇಲೆ ಇಳಿಯುತ್ತಿದ್ದವು.

ಅಷ್ಟರಲ್ಲಿ ಮಾವ ಹೊರಗೆ ಬಂದು ನೋಡಿದರು. "ಅದು ಮಂಜಿಗೆ ಹಾಕೋದು ಕಣೇ. ಈ ಬಿಸಿಲಿಗೆ ಅದಲ್ಲ."

"ಇರ್ಲಿ ಬಿಡ್ರೀ," ಎಂದು ಅತ್ತೆ ಸೊಪ್ಪಿನ ಬುಟ್ಟಿ ಎತ್ತಿಕೊಂಡು ತೋಟದ ಕಡೆ ನಡೆದರು. "ನಂಗೆ ಇವತ್ತು ಎಲ್ಲಾ ಸರಿಯಾಗೇ ಕಾಣ್ತಿದೆ."